ಶಟರ್ ಕಿತ್ತು ಗೋಡೆ ಕಟ್ಟುವ ಮುಂಚೆ

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಕಾಕಾನ ಮನೆ ಇದೆ. ಹೋದ ವರ್ಷ ಅವರು ಹಳೇ ಕಾರು ಮಾರಿದರು. ಕಾರು ಹೋಗಿ ಎರಡು ವಾರ ಆಗಿಲ್ಲ, ಖಾಲಿ ಗ್ಯಾರೇಜು ಕೇಳಿಕೊಂಡು ಜನ ಬರಲು ಶುರುವಾಯಿತು. ಒಬ್ಬ ಝೆರಾಕ್ಸ್ ಅಂಗಡಿ ಇಡುತ್ತೇನೆ ಅಂದ. ಓಣಿಯ ಒಬ್ಬ ಅಕ್ಕ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾರಲು ಕೊಡುತ್ತೀರಾ ಅಂತ ಕೇಳಿದರು. ಮೂರನೆಯವನು ಎಲ್ಲರಿಗಿಂತ ಚುರುಕು. ಪಿಎಸ್‌ಐ, ಎಫ್‌ಡಿಎ ಅಂತ ಓದಲು ಬರುವ ಹುಡುಗರಿಗೆ ರೀಡಿಂಗ್ ರೂಮ್, ಹನ್ನೆರಡು ಟೇಬಲ್ಲು, ಒಂದು ಎಸಿ, ತಿಂಗಳಿಗೆ ಇಷ್ಟು ಬಾಡಿಗೆ ಅಂತ ಕ್ಯಾಲ್ಕುಲೇಟರ್ ಹಿಡಿದೇ ಬಂದಿದ್ದ. ಸಪ್ತಾಪುರದ ಕಡೆ ಓಡಾಡಿದವರಿಗೆ ಇದೇನು ಹೊಸದಲ್ಲ ಬಿಡಿ. ಅಲ್ಲಿ ಖಾಲಿ ಜಾಗ ಕಂಡರೆ ಅದರೊಳಗೆ ಒಂದು ಟೇಬಲ್ಲು, ಟೇಬಲ್ಲಿನ ಮುಂದೆ ಒಬ್ಬ ಹುಡುಗ ಗ್ಯಾರಂಟಿ.

ಗೌಂಡಿಯನ್ನು ಕರೆಸಿದ್ದಾಯಿತು. ಅವನು ಒಂದು ಸುತ್ತು ನೋಡಿ ಹೇಳಿದ: "ಮಾಲಕ್ರ, ಹದಿನೈದ್ ದಿನದಾಗ ಮುಗಿಸಿ ಕೊಡ್ತೀನ್ರಿ. ಶಟರ್ ಕೀಳೂದು, ಗ್ವಾಡಿ ಎತ್ತೂದು, ಫರ್ಸಿ ಹಾಸೂದು, ಗಿಲಾವ್ ಹೊಡಿಯೂದು. ಅಷ್ಟ."

ಪಾಲಿಕೆಯಲ್ಲಿ ಕೇಳಬೇಕಾ ಅಂತ ನಾನು ಬಾಯಿ ತೆಗೆದೆ. ಕಾಕಾ ನಕ್ಕರು. "ಮನಿ ನಮ್ಮದು, ಗ್ಯಾರೇಜ್ ನಮ್ಮದು. ಯಾರನ್ನ ಕೇಳೂದೈತಿ ತಮ್ಮಾ?"

ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಹುಡುಕಲು ಮಾತ್ರ ನಮಗೆ ತಿಂಗಳುಗಳೇ ಹಿಡಿದವು. ಆಗ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ನಮ್ಮ ಕಡೆ ಇದೇ ಕೆಲಸಕ್ಕೆ ಕೈ ಹಾಕಿರುವ ಮನೆಗಳು ಬಹಳ ಇವೆ, ಅದಕ್ಕೆ.

ಮೊದಲು ಒಂದು ವಿಷಯ ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ಸಲೀಸು. ಮನೆ ಕಟ್ಟುವಾಗ ಪಾಲಿಕೆಗೆ ನಕ್ಷೆ ಕೊಟ್ಟಿರುತ್ತೀರಿ. ಆ ನಕ್ಷೆಯಲ್ಲಿ ಒಂದು ಚೌಕದೊಳಗೆ 'ಕಾರ್ ಪಾರ್ಕಿಂಗ್' ಅಂತ ಬರೆದಿರುತ್ತದೆ. ನಿಮಗೆ ಅದು ಬರೀ ಹೆಸರು. ಪಾಲಿಕೆಗೆ ಅದು ನೀವು ಕೊಟ್ಟ ಮಾತು. ಇಲ್ಲಿ ಗಾಡಿ ನಿಲ್ಲುತ್ತದೆ, ರಸ್ತೆಯಲ್ಲಿ ನಿಲ್ಲುವುದಿಲ್ಲ ಅಂತ ಮಾತು ಕೊಟ್ಟಿದ್ದಕ್ಕೆ ಅವರು ನಿಮಗೆ ಒಂದು ರಿಯಾಯಿತಿ ಕೊಟ್ಟಿದ್ದಾರೆ. ಆ ಜಾಗವನ್ನು ಕಟ್ಟಡದ ಲೆಕ್ಕಕ್ಕೇ ಹಿಡಿದಿಲ್ಲ.

ಈ ಲೆಕ್ಕದ ಹೆಸರು ಎಫ್‌ಎಆರ್. ನಿಮ್ಮ ಪ್ಲಾಟ್ ಎಷ್ಟು ಚದರಡಿ ಇದೆಯೋ ಅದರ ಇಷ್ಟು ಪಟ್ಟು ಮಾತ್ರ ಕಟ್ಟಬಹುದು ಅನ್ನುವ ಮಿತಿ. 30-40ರ ಪ್ಲಾಟ್ ತೆಗೆದುಕೊಳ್ಳಿ, 1200 ಚದರಡಿ. ಎಫ್‌ಎಆರ್ 1.75 ಅಂತ ಹಿಡಿಯೋಣ. ಆಗ ಒಟ್ಟು 2100 ಚದರಡಿ ಕಟ್ಟಬಹುದು. ಕೆಳಗೆ 640, ಮೊದಲ ಮಹಡಿಯಲ್ಲಿ 820, ಅದರ ಮೇಲೆ 640. ಕೂಡಿಸಿದರೆ ಸರಿಯಾಗಿ 2100. ಕೆಳಗಡೆ ಇನ್ನೂ 180 ಚದರಡಿ ಗ್ಯಾರೇಜ್ ಇದೆಯಲ್ಲ? ಅದು ಪಾರ್ಕಿಂಗ್, ಆದ್ದರಿಂದ ಲೆಕ್ಕದ ಹೊರಗೆ. ಈಗ ಅಲ್ಲಿ ಗೋಡೆ ಎತ್ತಿ ರೂಮ್ ಮಾಡಿದಿರಿ ಅನ್ನಿ. 180 ಚದರಡಿ ಲೆಕ್ಕದೊಳಗೆ ಬಂತು. ಒಟ್ಟು 2280, ಎಫ್‌ಎಆರ್ 1.9. ಮನೆ ಒಂದು ಇಂಚೂ ಬೆಳೆದಿಲ್ಲ, ಆದರೂ ಕಾಗದದ ಮೇಲೆ ಮಿತಿ ದಾಟಿತು. ನಾಲ್ಕು ಇಟ್ಟಿಗೆ ಸಾಲಿಗೆ ಇಷ್ಟು ರಾದ್ಧಾಂತ ಯಾಕೆ ಅಂತ ಕೇಳುವವರಿಗೆ ಉತ್ತರ ಇಲ್ಲಿದೆ.

ಎರಡನೇ ಕಡೆಯಿಂದಲೂ ಹೊಡೆತ ಬೀಳುತ್ತದೆ. ಇಷ್ಟು ದೊಡ್ಡ ಮನೆಗೆ ಇಷ್ಟು ಕಾರಿನ ಜಾಗ ಇರಲೇಬೇಕು ಅಂತ ನಿಯಮ ಇರುತ್ತದೆ. ಇದ್ದ ಒಂದೇ ಜಾಗವನ್ನು ರೂಮ್ ಮಾಡಿದರೆ ಅದೂ ಮುರಿಯಿತು. "ನಮ್ಮ ಹತ್ತರ ಕಾರೇ ಇಲ್ಲ" ಅನ್ನುವುದು ಇಲ್ಲಿ ನಡೆಯುವುದಿಲ್ಲ. ನಿಯಮ ಮನೆಗೆ, ಮನೆಯವರಿಗಲ್ಲ. ನಾಳೆ ನೀವು ಮನೆ ಮಾರಿದರೆ ಕೊಂಡವರಿಗೆ ಎರಡು ಕಾರು ಇರಬಹುದು, ಅಲ್ವಾ?

ಇನ್ನು ಗ್ಯಾರೇಜ್ ಎಲ್ಲಿದೆ ಅನ್ನುವುದನ್ನೂ ನೋಡಬೇಕು. ಕೆಲವರ ಮನೆಯಲ್ಲಿ ಅದು ಮನೆಯ ಮೈಗೇ ಸೇರಿದೆ, ಮೇಲೆ ಮಲಗುವ ಕೋಣೆ ಇದೆ. ಇನ್ನು ಕೆಲವರದು ಪಕ್ಕದ ಸೆಟ್‌ಬ್ಯಾಕ್ ಜಾಗದಲ್ಲಿ ಆಮೇಲೆ ಪತ್ರಾಸ್ ಹೊದಿಸಿ ಮಾಡಿದ್ದು, ನಕ್ಷೆಯಲ್ಲಿ ಇಲ್ಲವೇ ಇಲ್ಲ. ಎರಡನೆಯದಾದರೆ ಕಷ್ಟ ಜಾಸ್ತಿ. ಸೆಟ್‌ಬ್ಯಾಕ್ ಅಂದರೆ ಗಾಳಿ, ಬೆಳಕು, ಬೆಂಕಿ ಹತ್ತಿದರೆ ಓಡಾಡಲು ಅಂತ ಬಿಟ್ಟ ಜಾಗ. ಅಲ್ಲಿ ಗಾಡಿ ನಿಂತರೆ ಯಾರೂ ತಕರಾರು ತೆಗೆಯುವುದಿಲ್ಲ. ಗೋಡೆ ಎದ್ದರೆ ಪಕ್ಕದ ಮನೆಯವರೇ ಅರ್ಜಿ ಕೊಡುತ್ತಾರೆ. ನಮ್ಮ ಕಡೆ ಇಂಥ ಪ್ರಕರಣಗಳು ಬಹುಪಾಲು ಶುರುವಾಗುವುದೇ ಹಾಗೆ, ಗೋಡೆಯ ಆಚೆಯಿಂದ.

ಹಾಗಾದರೆ ಯಾವ ಕೆಲಸಕ್ಕೂ ಅನುಮತಿ ಬೇಕಾ? ಇಲ್ಲ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ಅಂತ ಒಂದಿದೆ, ನಾನು ನೋಡಿದ್ದು ಅದರ 2016ರ ಆವೃತ್ತಿ. ಅದು ನೇರ ಕಾನೂನಲ್ಲ, ಮಾದರಿ. ಊರೂರಿನ ಬೈಲಾಗಳನ್ನು, ಅಂದರೆ ಸ್ಥಳೀಯ ಕಟ್ಟಡ ನಿಯಮಗಳನ್ನು, ಅದನ್ನು ನೋಡಿಕೊಂಡೇ ಬರೆದಿರುತ್ತಾರೆ. ಬಣ್ಣ ಹಚ್ಚುವುದು, ಗಿಲಾವ್, ನೆಲ ಬದಲಿಸುವುದು, ಕಿಟಕಿ ತೆಗೆಯುವುದು-ಮುಚ್ಚುವುದು, ಒಳಗೊಂದು ಅಡ್ಡಗೋಡೆ, ಫಾಲ್ಸ್ ಸೀಲಿಂಗ್ ಇವಕ್ಕೆಲ್ಲ ಅನುಮತಿ ಬೇಡ ಅಂತ ಅದರಲ್ಲಿದೆ. ಗೌಂಡಿಗಳು ಇಷ್ಟನ್ನೇ ಕೇಳಿಸಿಕೊಂಡಿರುತ್ತಾರೆ. ಆದರೆ ಅದೇ ಸಾಲಿನಲ್ಲಿ ಒಂದು ಷರತ್ತಿದೆ: ಈ ಬದಲಾವಣೆಯಿಂದ ಬೇರೆ ಯಾವ ನಿಯಮವೂ, ಕಟ್ಟಡದ ಗಟ್ಟಿತನವೂ, ಬೆಂಕಿ ಸುರಕ್ಷತೆಯೂ ಕೆಡಬಾರದು. ಗ್ಯಾರೇಜ್ ರೂಮ್ ಆಯಿತು ಅಂದರೆ ಪಾರ್ಕಿಂಗ್ ನಿಯಮ ಕೆಟ್ಟಿತು. ಆಗ ಆ ರಿಯಾಯಿತಿ ಸಿಗುವುದಿಲ್ಲ. ಗ್ಯಾರೇಜನ್ನು ಗ್ಯಾರೇಜಾಗಿಯೇ ಇಟ್ಟು ಟೈಲ್ಸ್ ಹಾಕಿ, ಒಂದು ಕಪಾಟು ಇಟ್ಟು, ಕಾರು ಇಲ್ಲದ ಹೊತ್ತಿನಲ್ಲಿ ಮೊಮ್ಮಗ ಅಲ್ಲಿ ತಬಲಾ ಬಾರಿಸಿದರೆ ಯಾವ ಕಾನೂನೂ ಬರುವುದಿಲ್ಲ. ಓಣಿಯವರು ಬರಬಹುದು.

ಈಗ ಅನುಮತಿ ಯಾರ ಹತ್ತಿರ? ಹುಬ್ಬಳ್ಳಿ-ಧಾರವಾಡದಲ್ಲಿ ಜನ ಮೊದಲು ಎಡವುವುದೇ ಇಲ್ಲಿ, ಯಾಕೆಂದರೆ ಎರಡು ಕಚೇರಿ, ಎರಡು ಕಾನೂನು. ಒಂದು ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ. ಎರಡೂ ಊರು ಸೇರಿಸಿ 1962ರಲ್ಲಿ ಆದದ್ದು. ಧಾರವಾಡಕ್ಕೆ ಬೇರೆ ಪಾಲಿಕೆ ಕೊಡಲು ರಾಜ್ಯ ಸಚಿವ ಸಂಪುಟ 2025ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಪಾಲಿಕೆ ಎರಡಾದರೂ ಪಾಲಿಕೆಯ ಕಾನೂನು ಮಾತ್ರ ಅದೇ, 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ. ಕಟ್ಟಡ ಕಟ್ಟಲು, ಬದಲಿಸಲು ಆಯುಕ್ತರಿಗೆ ನಕ್ಷೆ ಸಮೇತ ಅರ್ಜಿ ಕೊಡಬೇಕು ಅನ್ನುವುದು ಅದರ 299ನೇ ಕಲಂ. ಇನ್ನೊಂದು, ನವನಗರದಲ್ಲಿರುವ ನಗರಾಭಿವೃದ್ಧಿ ಪ್ರಾಧಿಕಾರ, ಜನರ ಬಾಯಲ್ಲಿ 'ಹುಡಾ'. ಯಾವ ಪ್ಲಾಟಿನಲ್ಲಿ ಏನು ನಡೆಯಬೇಕು, ವಾಸವೋ ವ್ಯಾಪಾರವೋ ಅಂತ ಮಾಸ್ಟರ್ ಪ್ಲಾನ್ ಹಾಕುವುದು ಅವರು. ಅದಕ್ಕೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಗೋಡೆ, ಛತ್ತು, ಕಿಟಕಿಯ ಮಾತು ಪಾಲಿಕೆಯದು. ಗೋಡೆಯೊಳಗೆ ಏನು ನಡೆಯುತ್ತದೆ ಅನ್ನುವ ಮಾತಿಗೆ ಮಾಸ್ಟರ್ ಪ್ಲಾನ್ ನೋಡಬೇಕು.

ಗದಗ-ಬೆಟಗೇರಿ, ಹಾವೇರಿ ನಗರಸಭೆಗಳು. ಅಲ್ಲಿ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ, ಕಲಂ 187, ಅರ್ಜಿ ಪೌರಾಯುಕ್ತರಿಗೆ. ಉಳಿದ ಕಥೆ ಹೆಚ್ಚು ಕಡಿಮೆ ಇದೇ.

ಒಳಗೆ ಏನು ಮಾಡುತ್ತೀರಿ ಅನ್ನುವುದರ ಮೇಲೆ ದಾರಿ ಬೇರೆಯಾಗುತ್ತದೆ. ಮನೆಯವರಿಗೇ ಒಂದು ಕೋಣೆ ಮಾಡಿದರೆ ಬಳಕೆ ಬದಲಾಗುವುದಿಲ್ಲ, ವಾಸದ ಮನೆ ವಾಸದ ಮನೆಯಾಗಿಯೇ ಉಳಿಯುತ್ತದೆ. ಎಫ್‌ಎಆರ್, ಪಾರ್ಕಿಂಗ್, ಕೋಣೆಯ ನಿಯಮ ಮೂರು ಸರಿಯಾದರೆ ಬದಲಾದ ನಕ್ಷೆ ಮಂಜೂರು ಮಾಡಿಸಿಕೊಂಡರೆ ಸಾಕು. ಅಂಗಡಿ ಅಂದ ಕೂಡಲೇ ವಾಸದ ವಲಯದಲ್ಲಿ ಅದಕ್ಕೆ ಜಾಗ ಇದೆಯಾ ಅಂತ ಪ್ರಶ್ನೆ ಏಳುತ್ತದೆ. ವಲಯ ನಿಯಮಾವಳಿಯಲ್ಲಿ ಎರಡು ಪಟ್ಟಿ ಇರುತ್ತವೆ. ಒಂದು, ಸಹಜವಾಗಿ ಒಪ್ಪುವ ಬಳಕೆ. ಇನ್ನೊಂದು, ವಿಶೇಷ ಸಂದರ್ಭದಲ್ಲಿ ಪ್ರಾಧಿಕಾರ ಒಪ್ಪಿದರೆ ಮಾತ್ರ. ನಿಮ್ಮ ಕೆಲಸ ಎರಡರಲ್ಲೂ ಇಲ್ಲದಿದ್ದರೆ ಭೂಬಳಕೆ ಬದಲಾವಣೆಗೇ ಹೋಗಬೇಕು. ಶುಲ್ಕ ಇದೆ, ಪೇಪರಿನಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳುವುದಿದೆ. ಒಂದು ಗ್ಯಾರೇಜಿಗಾಗಿ ಇಷ್ಟು ದೂರ ಹೋಗುವುದು ಲಾಭದ ಮಾತಲ್ಲ ಅಂತ ನನ್ನ ಅಭಿಪ್ರಾಯ.

ನಮ್ಮ ಭಾಗದವರು ಇನ್ನೊಂದು ಕಾಗದ ತೆಗೆದು ನೋಡಬೇಕು. ಹುಬ್ಬಳ್ಳಿಯಲ್ಲಿ ಯಾರನ್ನು ಕೇಳಿದರೂ "ನಮ್ಮದು ಎನ್‌ಎ ಪ್ಲಾಟ್ ರೀ" ಅಂತ ಎದೆ ತಟ್ಟಿ ಹೇಳುತ್ತಾರೆ. ಹೊಲವನ್ನು ಬೇಸಾಯ ಬಿಟ್ಟು ಬೇರೆ ಕೆಲಸಕ್ಕೆ ಬಳಸಲು ಕಂದಾಯ ಕಾಯ್ದೆಯ 95ನೇ ಕಲಮಿನಲ್ಲಿ ಕೊಟ್ಟ ಆದೇಶ ಅದು. ಆದರೆ ಎನ್‌ಎ ಅಂದರೆ ಏನು ಬೇಕಾದರೂ ಮಾಡಬಹುದು ಅಂತಲ್ಲ. ಆದೇಶದಲ್ಲಿ ಉದ್ದೇಶ ಬರೆದಿರುತ್ತದೆ. ಹೆಚ್ಚಿನ ಲೇಔಟ್‌ಗಳಲ್ಲಿ ಅದು 'ವಾಸಕ್ಕಾಗಿ'. ನಮ್ಮ ಕಾಕಾ ಆ ಆದೇಶವನ್ನು ಲ್ಯಾಮಿನೇಷನ್ ಮಾಡಿಸಿ ಟ್ರಂಕಿನಲ್ಲಿ ಇಟ್ಟಿದ್ದರು. ಓದಿರಲಿಲ್ಲ ಅಷ್ಟೆ.

ಟ್ಯಾಕ್ಸಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಹಬ್ಬಿದೆ. "ಅಂಗಡಿ ಅಂತ ತೋರಿಸಿ ಕಮರ್ಷಿಯಲ್ ಟ್ಯಾಕ್ಸೇ ಕಟ್ಟಾಕತ್ತೀವಿ, ಅಂದಮ್ಯಾಲೆ ಪರ್ಮಿಷನ್ ಇದ್ದಂಗ ಅಲ್ಲೇನು?" ಅಲ್ಲ. ಆಸ್ತಿ ತೆರಿಗೆ ನೀವೇ ಲೆಕ್ಕ ಹಾಕಿ ಕಟ್ಟುವುದು. ನೀವು ಬರೆದದ್ದಕ್ಕೆ ದುಡ್ಡು ತೆಗೆದುಕೊಂಡು ರಸೀದಿ ಕೊಡುತ್ತಾರೆ. ಆ ರಸೀದಿ ನಕ್ಷೆಯ ಅನುಮತಿ ಅಲ್ಲ. ಉತಾರ, ಈಗಿನ ಇ-ಖಾತಾ ಕೂಡ ಆಸ್ತಿ ಯಾರ ಹೆಸರಲ್ಲಿದೆ, ತೆರಿಗೆ ಯಾರು ಕಟ್ಟಬೇಕು ಅಂತ ಹೇಳುವ ಕಾಗದ. ಗ್ಯಾರೇಜಿನಲ್ಲಿ ಅಂಗಡಿ ಇಡಬಹುದು ಅಂತ ಅದು ಎಲ್ಲೂ ಹೇಳುವುದಿಲ್ಲ. ಹಾಗಂತ ಅಂಗಡಿ ನಡೆಸುತ್ತ ಮನೆಯ ದರದಲ್ಲಿ ತೆರಿಗೆ ಕಟ್ಟಿದರೆ ಅದು ಇನ್ನೊಂದು ತಪ್ಪು.

ಈಗ ಕಟ್ಟಡದ ಮಾತಿಗೆ ಬರೋಣ. ನನಗೆ ಈ ಭಾಗವೇ ಹೆಚ್ಚು ಇಷ್ಟವಾಯಿತು, ಯಾಕೆಂದರೆ ಇಲ್ಲಿ ನಿಯಮದ ಹಿಂದೆ ಕಾರಣ ಕಣ್ಣಿಗೇ ಕಾಣುತ್ತದೆ.

ಸಂಹಿತೆಯ ಪ್ರಕಾರ ಮನೆಯ ನೆಲ ಸುತ್ತಲಿನ ಮಟ್ಟಕ್ಕಿಂತ ಕನಿಷ್ಠ 45 ಸೆಂಟಿಮೀಟರ್ ಎತ್ತರ ಇರಬೇಕು. ಗ್ಯಾರೇಜಿಗೆ 15 ಸೆಂಟಿಮೀಟರ್ ಸಾಕು, ಕಾರು ಹತ್ತಬೇಕಲ್ಲ. ಅಂದರೆ ನಿಮ್ಮ ಗ್ಯಾರೇಜ್ ಮನೆಗಿಂತ ಒಂದಡಿ ತಗ್ಗಿನಲ್ಲಿದೆ. ಮಳೆಗಾಲದಲ್ಲಿ ಗಟಾರ ತುಂಬಿ ರಸ್ತೆಯ ಮೇಲೆ ನೀರು ಹರಿಯುವುದನ್ನು ನೋಡಿದವರಿಗೆ ಆ ಒಂದಡಿಯ ಬೆಲೆ ಗೊತ್ತು. ಕಾರಿನ ಟೈರು ತೊಯ್ದರೆ ಏನೂ ಆಗುವುದಿಲ್ಲ, ಹಾಸಿಗೆ ತೊಯ್ದರೆ ಆಗುತ್ತದೆ.

ಸರಿ, ನೆಲ ಒಂದಡಿ ಎತ್ತರಿಸೋಣ. ಆಗ ತಲೆಯ ಮೇಲೆ ಕಡಿಮೆಯಾಗುತ್ತದೆ. ವಾಸದ ಕೋಣೆಯ ಎತ್ತರ ಕನಿಷ್ಠ 2.75 ಮೀಟರ್, ಅಂದರೆ ಒಂಬತ್ತು ಅಡಿ. ಗ್ಯಾರೇಜಿಗೆ 2.4 ಮೀಟರ್, ಸುಮಾರು ಎಂಟು ಅಡಿ. ಎಂಟಡಿ ಗ್ಯಾರೇಜಿನ ನೆಲ ಒಂದಡಿ ಎತ್ತರಿಸಿದರೆ ಉಳಿಯುವುದು ಏಳು. ಫ್ಯಾನ್ ಹಾಕಿದರೆ ಎತ್ತರದ ಹುಡುಗ ಅಂಗಿ ಕಳಚಲು ಕೈ ಎತ್ತುವಾಗಲೂ ನೋಡಿಕೊಳ್ಳಬೇಕು! ನಿಮ್ಮ ಗ್ಯಾರೇಜಿನ ಸ್ಲ್ಯಾಬೂ ಮನೆಯ ಸ್ಲ್ಯಾಬೂ ಒಂದೇ ಮಟ್ಟದಲ್ಲಿದ್ದರೆ ಈ ತೊಂದರೆ ಇಲ್ಲ, ಆಗ ಗ್ಯಾರೇಜಿಗೇ ಒಂದಡಿ ಎತ್ತರ ಹೆಚ್ಚಿರುತ್ತದೆ. ಗ್ಯಾರೇಜಿನ ಛತ್ತು ಇಳಿಸಿ ಅದರ ಮೇಲೆ ಮೆಟ್ಟಿಲಿನ ಮಧ್ಯದಿಂದ ಹೋಗುವ ಸಣ್ಣ ಕೋಣೆ ಮಾಡಿರುತ್ತಾರಲ್ಲ, ಅಂಥ ಮನೆಯವರು ಟೇಪ್ ಹಿಡಿದು ಅಳೆಯಿರಿ. ಎಂಜಿನಿಯರ್ ಫೀ ಕೊಡುವ ಮೊದಲೇ ಅಳೆಯಿರಿ.

ಗಾಳಿಯ ಲೆಕ್ಕವೂ ಇದೆ. ಕೋಣೆಯ ನೆಲದ ಅಳತೆಗೆ ತಕ್ಕ ಹಾಗೆ ಕಿಟಕಿ ಇರಬೇಕು. ಒಣ ಬಿಸಿಲಿನ ಊರಿಗೆ ಹತ್ತನೇ ಒಂದು ಭಾಗ, ತೇವದ ಬಿಸಿಲಿನ ಊರಿಗೆ ಆರನೇ ಒಂದು, ನಡುವಿನದಕ್ಕೆ ಎಂಟನೇ ಒಂದು. 180 ಚದರಡಿ ಕೋಣೆಗೆ ಕಡಿಮೆ ಅಂದರೂ 18 ಚದರಡಿ ಕಿಟಕಿ ಬೇಕು. ನಾಲ್ಕಡಿ ಅಗಲ ನಾಲ್ಕಡಿ ಎತ್ತರದ ಒಂದು ಕಿಟಕಿ ಇಟ್ಟರೆ ಹದಿನಾರಕ್ಕೇ ನಿಂತಿತು. ಅದು ತೆರೆಯುವುದು ಬಯಲಿಗೋ, ಪಕ್ಕದವರ ಗೋಡೆಗೋ ಅನ್ನುವುದು ಬೇರೆ. ಗ್ಯಾರೇಜಿನ ಮೂರು ಕಡೆ ಗೋಡೆ, ಒಂದು ಕಡೆ ಶಟರ್. ಶಟರ್ ಎಳೆದರೆ ಅದು ಡಬ್ಬಿ. ಕಾರಿಗೆ ಉಸಿರು ಬೇಡ.

ಗೋಡೆ ಕಟ್ಟುವುದಕ್ಕಿಂತ ಒಡೆಯುವುದು ಅಪಾಯ. ಮನೆಗೂ ಗ್ಯಾರೇಜಿಗೂ ನಡುವೆ ಒಂದು ಬಾಗಿಲು ಬೇಕು ಅಂತ ಗೌಂಡಿ ಸುತ್ತಿಗೆ ತೆಗೆದುಕೊಳ್ಳುತ್ತಾನೆ. ಹಳೇ ಮನೆಗಳಲ್ಲಿ ಪಿಲ್ಲರ್ ಇರುವುದಿಲ್ಲ, ಆ ಗೋಡೆಯೇ ಮೇಲಿನ ಭಾರ ಹೊತ್ತಿರುತ್ತದೆ. ಹುಬ್ಬಳ್ಳಿ, ಗದಗದ ಕಡೆ ಎರೆ ಮಣ್ಣು ಬೇರೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಹೊಸ ಗೋಡೆಗೆ ಸರಿಯಾದ ಪಾಯ ಹಾಕದೆ ಗ್ಯಾರೇಜಿನ ಕಾಂಕ್ರೀಟ್ ನೆಲದ ಮೇಲೆಯೇ ಎತ್ತಿದರೆ ಎರಡು ಬೇಸಿಗೆಯಲ್ಲಿ ಬಿರುಕು ಕಾಣುತ್ತದೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಹೋದರು. ಆಮೇಲೆ ನಮ್ಮ ಊರಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್ ಅನ್ನುವ ಮಾತಿಗೆ ಯಾರೂ ನಗುವುದಿಲ್ಲ.

ರೀಡಿಂಗ್ ರೂಮಿನ ವಿಷಯ ಬೇರೆಯಾಗಿಯೇ ಹೇಳಬೇಕು. ಕಾಕಾ ಅದಕ್ಕೆ ಮನಸ್ಸು ಮಾಡಿದ್ದರು, ಬಾಡಿಗೆ ಅದರಲ್ಲೇ ಹೆಚ್ಚು. ನಾನು ಅವರಿಗೆ ದಿಲ್ಲಿಯ ಓಲ್ಡ್ ರಾಜಿಂದರ್ ನಗರದ ಸುದ್ದಿ ನೆನಪಿಸಿದೆ. 2024ರ ಜುಲೈ 27. ಐಎಎಸ್ ಕೋಚಿಂಗ್ ಸೆಂಟರಿನ ನೆಲಮಾಳಿಗೆಗೆ ಮಳೆ ನೀರು ನುಗ್ಗಿ ಓದುತ್ತ ಕೂತಿದ್ದ ಮೂವರು ಸತ್ತರು. ಆ ನೆಲಮಾಳಿಗೆಗೆ ಇದ್ದ ಅನುಮತಿ ಪಾರ್ಕಿಂಗಿಗೆ ಮತ್ತು ಸಾಮಾನು ಇಡಲಿಕ್ಕೆ. ಒಳಗೆ ನಡೆಯುತ್ತಿದ್ದದ್ದು ಲೈಬ್ರರಿ. ನಮ್ಮ ಗ್ಯಾರೇಜ್ ನೆಲಮಾಳಿಗೆ ಅಲ್ಲ ನಿಜ. ಆದರೂ ಹನ್ನೆರಡು ಹುಡುಗರು, ಹನ್ನೆರಡು ಚಾರ್ಜರು, ಎಸಿ, ಒಂದೇ ಬಾಗಿಲು, ಆ ಬಾಗಿಲ ಮುಂದೆ ಹನ್ನೆರಡು ಬೈಕು. ಶಾರ್ಟ್ ಸರ್ಕ್ಯೂಟ್ ಆದರೆ ಎಲ್ಲಿ ಓಡುತ್ತಾರೆ? ಕಾಕಾ ಮಾತಾಡಲಿಲ್ಲ. ಕಾಕು ಒಳಗಿಂದ ಹೇಳಿದರು, "ಆ ರೊಕ್ಕ ನಮಗ ಬ್ಯಾಡ."

ಕರೆಂಟಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಮನೆಯ ಮೀಟರಿನಿಂದಲೇ ಗ್ಯಾರೇಜ್ ಅಂಗಡಿಗೆ ವೈರು ಎಳೆಯುವುದು ಎಲ್ಲರೂ ಮಾಡುವ ಕೆಲಸ. ಅದರಲ್ಲೂ ಗೃಹಜ್ಯೋತಿ ಬಂದ ಮೇಲೆ, 200 ಯೂನಿಟ್ ತನಕ ಬಿಲ್ಲಿಲ್ಲ ಅಂದಮೇಲೆ ಆಸೆ ಜಾಸ್ತಿ. ಗೃಹಜ್ಯೋತಿ ಮನೆ ಬಳಕೆಗೆ ಮಾತ್ರ. ಮನೆಯ ದರದ ಕರೆಂಟನ್ನು ವ್ಯಾಪಾರಕ್ಕೆ ಬಳಸಿದ್ದು ಹೆಸ್ಕಾಂ ತಪಾಸಣೆಯಲ್ಲಿ ಸಿಕ್ಕರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಬೀಳುತ್ತದೆ. ಯಾವಾಗಿನಿಂದ ಬಳಸಿದ್ದೀರಿ ಅಂತ ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿನದು ಅಂತ ಹಿಡಿದು ವ್ಯಾಪಾರದ ದರದ ಎರಡು ಪಟ್ಟು ಬಿಲ್ ಹಾಕುತ್ತಾರೆ. ಮೀಟರ್ ನಿಮ್ಮ ಹೆಸರಲ್ಲಿರುವುದರಿಂದ ಬಿಲ್ ಬರುವುದೂ ನಿಮಗೇ. ಬಾಡಿಗೆದಾರ ಅಷ್ಟರಲ್ಲಿ ಬೇರೆ ಓಣಿಗೆ ಹೋಗಿರುತ್ತಾನೆ.

ಅಂಗಡಿಗೆ ಪಾಲಿಕೆಯ ಉದ್ದಿಮೆ ಪರವಾನಗಿಯೂ ಬೇಕು, ತಿನ್ನುವ ಪದಾರ್ಥವಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇರೆ. ಇವೆಲ್ಲ ಮೊದಲು ಬಿಡಿಬಿಡಿ ಕೆಲಸಗಳಾಗಿದ್ದವು. ಈಗ ಒಂದಕ್ಕೊಂದು ಗಂಟು ಬಿದ್ದಿವೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಮೀರತ್ತಿನ ಶಾಸ್ತ್ರಿ ನಗರದಲ್ಲಿ ವಾಸಕ್ಕೆ ಕೊಟ್ಟ ಪ್ಲಾಟಿನಲ್ಲಿ ಅಂಗಡಿ ಕಟ್ಟಿಕೊಂಡಿದ್ದರು. ಎಷ್ಟೋ ವರ್ಷ ಆಗಿದೆ, ಅಧಿಕಾರಿಗಳು ಸುಮ್ನೆ ಇದ್ದರು ಅನ್ನುವ ಕಾರಣಕ್ಕೆ ತಪ್ಪು ಸರಿಯಾಗುವುದಿಲ್ಲ ಅಂತ ಕೋರ್ಟು ಹೇಳಿತು. ಅಷ್ಟೇ ಅಲ್ಲ, ದೇಶಕ್ಕೆಲ್ಲ ಅನ್ವಯಿಸುವ ಸೂಚನೆ ಕೊಟ್ಟಿತು. ಕೆಲಸ ಪೂರ್ತಿಯಾದ ಪ್ರಮಾಣಪತ್ರ ನೋಡಿಯೇ ಕರೆಂಟು, ನೀರು, ಒಳಚರಂಡಿ ಕೊಡಬೇಕು. ಅನಧಿಕೃತ ಕಟ್ಟಡದಲ್ಲಿ ಯಾವ ವ್ಯಾಪಾರಕ್ಕೂ ಪರವಾನಗಿ ಕೊಡಬಾರದು. ಬ್ಯಾಂಕುಗಳು ಆ ಪ್ರಮಾಣಪತ್ರ ನೋಡಿಯೇ ಸಾಲ ಕೊಡಬೇಕು. ಹೊಸ ಮೀಟರಿಗೆ ಅರ್ಜಿ ಹಾಕಿದವರಿಗೆ 'ಓಸಿ ತನ್ನಿ', ಅಂದರೆ ಅಂಥ ಪ್ರಮಾಣಪತ್ರ ತನ್ನಿ ಅನ್ನುವ ಮಾತು ಕೇಳಿಬರಲು ಶುರುವಾದದ್ದು ಇದರ ನಂತರವೇ.

"ಅಕ್ರಮ-ಸಕ್ರಮ ಬರ್ತೈತಿ, ಆವಾಗ ಮಾಡಿಸಿದರಾತು" ಅನ್ನುವವರೂ ಸಿಗುತ್ತಾರೆ. ಆ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಅದನ್ನು ನಂಬಿ ಗೋಡೆ ಎತ್ತುವುದು ಬಾರದ ಬಸ್ಸಿಗೆ ಸೀಟು ಹಿಡಿದಂತೆ.

ಅನುಮತಿ ಇಲ್ಲದೆ ಕಟ್ಟಿಬಿಟ್ಟರೆ ಏನಾಗುತ್ತದೆ? ಪಾಲಿಕೆ ಕಾಯ್ದೆಯ 321ನೇ ಕಲಮಿನಲ್ಲಿ ಮೊದಲು ತಾತ್ಕಾಲಿಕ ಆದೇಶ ಬರುತ್ತದೆ, ಕೆಡವಿರಿ ಅಥವಾ ಸರಿಪಡಿಸಿರಿ ಅಂತ. ಜೊತೆಗೆ ಯಾಕೆ ಕೆಡವಬಾರದು ಹೇಳಿ ಅಂತ ನೋಟಿಸು. ಇದಕ್ಕೆ ಉತ್ತರ ಕೊಡದೆ ಕಪಾಟಿನಲ್ಲಿ ಇಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು, ಯಾಕೆಂದರೆ ಉತ್ತರ ಬರದಿದ್ದರೆ ಆದೇಶ ಕಾಯಂ ಆಗುತ್ತದೆ. ಬರವಣಿಗೆಯಲ್ಲೇ ಉತ್ತರ ಕೊಡಿ, ತಲುಪಿದ್ದಕ್ಕೆ ಸಹಿ ತೆಗೆದುಕೊಳ್ಳಿ. ಕಾಯಂ ಆದ ಮೇಲೆ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಕೆಲವರು ಧಾರವಾಡದ ಹೈಕೋರ್ಟು ಪೀಠದ ತನಕ ಹೋಗುತ್ತಾರೆ. ವಕೀಲರ ಫೀ ಮತ್ತು ಗ್ಯಾರೇಜಿನ ಬಾಡಿಗೆ ಎರಡನ್ನೂ ಒಂದು ಕಾಗದದ ಮೇಲೆ ಬರೆದು ನೋಡಿ ಆಮೇಲೆ ಹೋಗಿ.

ಅಂಗಡಿಯ ಮುಂದೆ ಗಟಾರದ ಮೇಲೆ ಮೆಟ್ಟಿಲು ಕಟ್ಟುತ್ತಾರಲ್ಲ, ಅದು ನಿಮ್ಮ ಜಾಗವೇ ಅಲ್ಲ. ಜೆಸಿಬಿ ಬಂದಾಗ ಮೊದಲು ಹೋಗುವುದು ಅದು.

ಅಪಾರ್ಟ್‌ಮೆಂಟಿನವರಿಗೆ ಎರಡು ಮಾತು. ರಿಯಲ್ ಎಸ್ಟೇಟ್ ವ್ಯವಹಾರಕ್ಕೆ ಮೂಗುದಾರ ಹಾಕುವ 2016ರ ರೇರಾ ಕಾಯ್ದೆ ಗ್ಯಾರೇಜ್ ಅಂದರೆ ಏನು ಅಂತ ಬಿಡಿಸಿ ಹೇಳಿದೆ: ಮೇಲೆ ಛತ್ತು, ಮೂರು ಕಡೆ ಗೋಡೆ ಇರುವ ಜಾಗ. ಬಯಲು ಪಾರ್ಕಿಂಗ್ ಅದರಲ್ಲಿ ಬರುವುದಿಲ್ಲ. ಕಟ್ಟಡದ ಕೆಳಗೆ ಪಿಲ್ಲರುಗಳ ನಡುವೆ ಗೆರೆ ಎಳೆದು ನಂಬರ್ ಹಾಕಿಕೊಟ್ಟ ಸ್ಟಿಲ್ಟ್ ಪಾರ್ಕಿಂಗ್ ಗ್ಯಾರೇಜ್ ಅಲ್ಲ, ಬಿಲ್ಡರ್ ಅದನ್ನು ಬೇರೆಯಾಗಿ ಮಾರುವಂತಿಲ್ಲ ಅಂತ ಸುಪ್ರೀಂ ಕೋರ್ಟು 2010ರಲ್ಲೇ ಮುಂಬೈ ಕಡೆಯ ಒಂದು ಕೇಸಿನಲ್ಲಿ ಹೇಳಿದೆ. ನಮ್ಮ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯೂ ಪಾರ್ಕಿಂಗ್ ಜಾಗವನ್ನು ಎಲ್ಲರಿಗೂ ಸೇರಿದ್ದು ಅನ್ನುತ್ತದೆ. ಅಲ್ಲಿ ಜಾಲರಿ ಹೊಡೆದು ಸಾಮಾನು ತುಂಬುವುದೂ ತಪ್ಪು, ರೂಮಿನ ಮಾತಂತೂ ಬೇಡ.

ನಾವು ಮಾಡಿದ್ದು ಹೀಗೆ. ಮೊದಲು ಮಂಜೂರಾದ ನಕ್ಷೆ ಹುಡುಕಿದೆವು. ಇರಲಿಲ್ಲ. ಹಳೇ ಮನೆಗಳಲ್ಲಿ ಅದು ಇರುವುದೇ ಇಲ್ಲ, ಸಾಲ ತೆಗೆದಾಗ ಬ್ಯಾಂಕಿಗೆ ಹೋದದ್ದು ಅಲ್ಲೇ ಉಳಿದಿರುತ್ತದೆ, ಇಲ್ಲವೇ ಗೆದ್ದಲು ತಿಂದಿರುತ್ತದೆ. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಹಾಗೆ ಪ್ರತಿ ತೆಗೆಸಿದೆವು. ಆಮೇಲೆ ಲೈಸೆನ್ಸ್ ಇರುವ ಎಂಜಿನಿಯರ್ ಹಿಡಿದೆವು. ಅರ್ಜಿ ಆನ್‌ಲೈನಿನಲ್ಲಿ ಅವರ ಲಾಗಿನ್ನಿನಿಂದಲೇ ಹೋಗುವುದು, ನಾವು ನೀವು ಹಾಕಲು ಬರುವುದಿಲ್ಲ. ಮೊದಲು ಸಿಕ್ಕವರು ಅಳತೆಯನ್ನೇ ತಪ್ಪಾಗಿ ಹಾಕಿದ್ದರಿಂದ ಒಂದು ಸಲ ಅರ್ಜಿ ವಾಪಸ್ ಬಂತು, ಅದರಲ್ಲೇ ಒಂದೂವರೆ ತಿಂಗಳು ಹೋಯಿತು. ಎರಡನೆಯವರು ಬಂದು ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ಕಾಕಾರ, ಗ್ಯಾರೇಜ್ ರೂಮ್ ಆದಮ್ಯಾಲೆ ಕಾರ್ ಎಲ್ಲಿ ನಿಂದ್ರಸ್ತೀರಿ?"

ನನ್ನ ಪ್ರಕಾರ ಇಡೀ ವಿಷಯದ ಕೀಲಿ ಆ ಪ್ರಶ್ನೆ. ಕಾಕಾನ ಪ್ಲಾಟ್ ದೊಡ್ಡದು, 40-60. ಎರಡನೇ ಮಹಡಿ ಕಟ್ಟಿರಲಿಲ್ಲ, ಆದ್ದರಿಂದ ಎಫ್‌ಎಆರ್ ಉಳಿದಿತ್ತು. ಪೂರ್ವದ ಕಡೆ ಸೆಟ್‌ಬ್ಯಾಕ್ ಬಿಟ್ಟ ಮೇಲೂ ಒಂದು ಕಾರು ನಿಲ್ಲುವಷ್ಟು, ಎರಡೂವರೆ ಮೀಟರ್ ಅಗಲ ಐದೂವರೆ ಮೀಟರ್ ಉದ್ದದ ಬಯಲಿತ್ತು. ಹೊಸ ನಕ್ಷೆಯಲ್ಲಿ ಅದನ್ನು ಪಾರ್ಕಿಂಗ್ ಅಂತ ತೋರಿಸಿ, ಹಳೇ ಗ್ಯಾರೇಜನ್ನು ಮಲಗುವ ಕೋಣೆ ಅಂತ ತೋರಿಸಿದರು. 30-40ರಲ್ಲಿ ಮೂರು ಮಹಡಿ ತುಂಬಿಸಿದವರಿಗೆ ಈ ದಾರಿ ಇಲ್ಲ. ಅವರಿಗೆ ಯಾವ ಎಂಜಿನಿಯರೂ ಮಂತ್ರ ಹಾಕಿ ಜಾಗ ಹುಟ್ಟಿಸಲಾರರು. 'ಮಾಡಿಸಿ ಕೊಡ್ತೀನಿ' ಅಂತ ದುಡ್ಡು ಕೇಳಿದರೆ ಯಾವ ನಕ್ಷೆಯಲ್ಲಿ, ಕಾರು ಎಲ್ಲಿ ತೋರಿಸುತ್ತೀರಿ ಅಂತ ಕೇಳಿ ನೋಡಿ.

ಕೆಲಸ ಮುಗಿದ ಮೇಲೂ ಒಂದು ಹೆಜ್ಜೆ ಇದೆ, ಜನ ಮರೆಯುವುದು ಅದನ್ನೇ. ಮುಗಿದ ಒಂದು ತಿಂಗಳೊಳಗೆ ಪಾಲಿಕೆಗೆ ತಿಳಿಸಿ ಪೂರ್ಣಗೊಂಡ ಪ್ರಮಾಣಪತ್ರ ತೆಗೆದುಕೊಳ್ಳಬೇಕು. ಮುಂದೆ ಮನೆ ಮಾರುವಾಗ, ಸಾಲ ತೆಗೆಯುವಾಗ ಎಲ್ಲರೂ ಕೇಳುವುದು ಆ ಒಂದು ಹಾಳೆ.

ರೀಡಿಂಗ್ ರೂಮಿನ ಹುಡುಗ ಬೇರೆ ಕಡೆ ಜಾಗ ಹಿಡಿದ. ರೊಟ್ಟಿಯ ಅಕ್ಕ ಈಗ ಮನೆಯಿಂದಲೇ ಆರ್ಡರ್ ತೆಗೆದುಕೊಳ್ಳುತ್ತಾರೆ, ಕಾಕಾನ ಮನೆಗೂ ವಾರಕ್ಕೊಮ್ಮೆ ಒಂದು ಕಟ್ಟು ಬರುತ್ತದೆ. ಗ್ಯಾರೇಜಿನಲ್ಲಿ ನಮ್ಮ ಆಯಿ ಮಲಗುತ್ತಾರೆ. ಅವರಿಗೆ ಮೊಣಕಾಲು ನೋವು, ಮಾಳಿಗೆ ಹತ್ತಲು ಆಗುವುದಿಲ್ಲ. ನೆಲ ಒಂದಡಿ ಮೇಲೆ ಬಂದಿದೆ, ಎರಡು ಕಡೆ ಕಿಟಕಿ ಇದೆ, ರಸ್ತೆಯಲ್ಲಿ ಹೋಗಿ ಬರುವವರನ್ನೆಲ್ಲ ಹೆಸರು ಹಿಡಿದು ಕೂಗುತ್ತ ಕೂತಿರುತ್ತಾರೆ. ಹೊಸ ಪಾರ್ಕಿಂಗಿನಲ್ಲಿ ಸದ್ಯ ನನ್ನ ಸ್ಕೂಟರ್ ನಿಲ್ಲುತ್ತದೆ. ಕಿತ್ತ ಶಟರ್ ಮಾತ್ರ ಇನ್ನೂ ಹಿತ್ತಲಲ್ಲಿ ಬಿದ್ದಿದೆ. ಮೋಡಕಾದವನು ಎರಡು ಸಲ ಬಂದು ರೇಟು ಹೇಳಿ ಹೋದ, ಕಾಕಾ ಕೊಟ್ಟಿಲ್ಲ. "ಇರಲಿ ಬಿಡು, ಮುಂದ ಕಾರ್ ತಗೊಂಡ್ರ ಬೇಕಾಕ್ಕೈತಿ" ಅನ್ನುತ್ತಾರೆ.